ಅರೆತಲೆನೋವಿಗೆ ಯಾವ ದಾರಿ: ಮಾತ್ರೆ, ಶುಂಠಿ, ಯೋಗ, ಗಾಂಜಾ

ಅರೆತಲೆನೋವಿಗೆ, ಅಂದರೆ ಮೈಗ್ರೇನಿಗೆ, ಗಾಂಜಾ ಎಣ್ಣೆ ತರಿಸಿಕೊಳ್ಳಲೇ, ಹುಬ್ಬಳ್ಳಿಯ ನರರೋಗ ತಜ್ಞರ ಹತ್ತಿರ ಹೋಗಲೇ, ಅಥವಾ ಊರಿನ ಪಂಡಿತರು ಮೂಗಿಗೆ ಬಿಡುವ ಮದ್ದಾದ ನಸ್ಯವನ್ನೇ ಮುಂದುವರಿಸಲೇ ಎಂಬ ಪ್ರಶ್ನೆಯನ್ನು ಈ ಒಂದು ವರ್ಷದಲ್ಲಿ ನಾಲ್ಕೈದು ಮಂದಿ ನನ್ನ ಮುಂದಿಟ್ಟಿದ್ದಾರೆ. ಅವರಲ್ಲಿ ಒಬ್ಬರು ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರು, ಒಬ್ಬರು ಕಾರವಾರದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ, ಎರಡು ಚಿಕ್ಕ ಮಕ್ಕಳ ತಾಯಿ, ಇನ್ನೊಬ್ಬ ಗೋಕರ್ಣದಲ್ಲಿ ವಸತಿಗೃಹ ನೋಡಿಕೊಳ್ಳುವ ಯುವಕ. ಮೂವರ ಕಾಯಿಲೆಯ ಹೆಸರು ಒಂದೇ ಆದರೂ ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ ಎನ್ನುವುದು ಮಾತನಾಡುತ್ತ ಹೋದ ಹಾಗೆ ಸ್ಪಷ್ಟವಾಯಿತು. ನಾನು ವೈದ್ಯೆಯಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ ಕುಮಟಾದಲ್ಲಿ ನೆಲೆಸಿರುವವಳು ಮತ್ತು 26 ವರ್ಷಗಳಿಂದ ಈ ನೋವನ್ನು ಬಲ್ಲವಳು. ಇರುವ ಆಯ್ಕೆಗಳನ್ನು ಒಂದೇ ಅಳತೆಗೋಲಿನಿಂದ ಅಳೆದು ನೋಡುವುದಕ್ಕೆ ಓದುಗರಿಗೆ ನೆರವಾಗಬೇಕು ಎಂಬುದಷ್ಟೇ ಇಲ್ಲಿಯ ಉದ್ದೇಶ.

ಮೊದಲು, ಇರುವುದು ಅರೆತಲೆನೋವೇ ಹೌದೇ ಎಂದು ಖಚಿತವಾಗಬೇಕು. ನಮ್ಮ ಕಡೆ ಇದನ್ನು ಪಿತ್ತದ ತಲೆಶೂಲೆ ಎಂದೋ, ಸೈನಸ್ ಎಂದೋ, ಕನ್ನಡಕದ ನಂಬರ್ ಬದಲಾಗಿದೆ ಎಂದೋ ಹೇಳಿ ವರ್ಷಗಟ್ಟಲೆ ಕಳೆದವರು ಬಹಳ. ವಾಂತಿಯಾದ ಮೇಲೆ ನೋವು ಇಳಿಯುವುದನ್ನು ಕಂಡು ಪಿತ್ತವೇ ಕಾರಣವೆಂದು ನಂಬುವುದು ಸಹಜ. ಆದರೆ ಆ ವಾಂತಿಯೂ ಮೈಗ್ರೇನಿನದೇ ಒಂದು ಭಾಗ. ತಲೆಯ ಒಂದು ಬದಿಯಲ್ಲಿ ನಾಡಿ ಬಡಿದಂತೆ ಬರುವ ನೋವು, ಓಡಾಡಿದರೆ ಹೆಚ್ಚಾಗುವುದು, ವಾಕರಿಕೆ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಔಷಧವಿಲ್ಲದೆ ಬಿಟ್ಟರೆ 4ರಿಂದ 72 ಗಂಟೆಗಳವರೆಗೆ ಉಳಿಯುವುದು ಇದರ ಗುರುತುಗಳು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆಗಳು ಕಾಣುತ್ತವೆ ಅಥವಾ ಕೈ, ತುಟಿ ಜುಮ್ಮೆನ್ನುತ್ತವೆ. ಇದನ್ನು ವೈದ್ಯರು ಆರಾ ಎನ್ನುತ್ತಾರೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 2,300 ವಯಸ್ಕರನ್ನು ಮನೆ ಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯೊಂದು ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಶೇಕಡಾ 25.2 ಎಂದು ಕಂಡುಕೊಂಡಿತು. ನಾಲ್ವರಲ್ಲಿ ಒಬ್ಬರಿಗೆ ಇರುವ ಕಾಯಿಲೆಗೆ ಸರಿಯಾದ ಹೆಸರು ಸಿಗಲು ಹತ್ತು ವರ್ಷ ಬೇಕಾಗುವುದು ನನಗೆ ಇಂದಿಗೂ ನೋವಿನ ಸಂಗತಿ.

ಹಠಾತ್ತನೆ ಸಿಡಿಲು ಬಡಿದಂತೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು, ತಲೆಗೆ ಪೆಟ್ಟು ಬಿದ್ದ ನಂತರದ ನೋವು, 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ನೋವು, ಇವು ಯಾವುವೂ ಈ ಹೋಲಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಅಂಥವರು ಮುಂದಕ್ಕೆ ಓದದೆ ಆಸ್ಪತ್ರೆಗೆ ಹೋಗಬೇಕು.

ಯಾವುದರಿಂದ ಅಳೆಯಬೇಕು

ಅಳತೆಗೋಲುಗಳಲ್ಲಿ ಮೊದಲನೆಯದು ಮತ್ತು ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡದು, ತಿಂಗಳಲ್ಲಿ ಎಷ್ಟು ದಿನ ತಲೆನೋವು ಇರುತ್ತದೆ ಎಂಬ ಲೆಕ್ಕ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಸುತ್ತು ಹಾಕಿದರೆ ಸಾಕು. ಮೂರು ತಿಂಗಳಲ್ಲಿ ಚಿತ್ರ ಸಿಗುತ್ತದೆ. ತಿಂಗಳಿಗೆ ಎರಡು ಬಾರಿ ನೋವು ಬರುವವರಿಗೂ ಹನ್ನೆರಡು ದಿನ ಬರುವವರಿಗೂ ಔಷಧದ ಜಾತಿಯೇ ಬೇರೆ. ಈ ಎಣಿಕೆ ಮಾಡದೆ ಯಾವ ಮದ್ದು ಒಳ್ಳೆಯದು ಎಂದು ಕೇಳುವುದು, ತೋಟದ ಅಳತೆ ಹೇಳದೆ ಎಷ್ಟು ಗೊಬ್ಬರ ಬೇಕು ಎಂದು ಕೇಳಿದ ಹಾಗೆ.

ಎರಡನೆಯದು, ಆ ಮದ್ದು ಹುಸಿ ಔಷಧಕ್ಕಿಂತ, ಅಂದರೆ ನೋಡಲು ಔಷಧದಂತಿದ್ದು ಔಷಧಗುಣವಿಲ್ಲದ ವಸ್ತುವಿಗಿಂತ, ಮೇಲು ಎಂದು ಪರೀಕ್ಷೆಯಲ್ಲಿ ತೋರಿದೆಯೇ ಎಂಬುದು. ಮೈಗ್ರೇನ್ ತಾನಾಗಿಯೂ ಇಳಿಯುವ ಕಾಯಿಲೆಯಾದ್ದರಿಂದ ಏನು ತೆಗೆದುಕೊಂಡರೂ ಕೆಲವರಿಗೆ ಗುಣ ಕಂಡೇ ಕಾಣುತ್ತದೆ. ಮೂರನೆಯದು, ನಿಮ್ಮ ದೇಹಕ್ಕೆ ಅದು ಹೊಂದುತ್ತದೆಯೇ ಎಂಬುದು: ಆಸ್ತಮಾ, ರಕ್ತದೊತ್ತಡ, ಹೃದ್ರೋಗ, ಗರ್ಭಧಾರಣೆ ಇವೆಲ್ಲ ಆಯ್ಕೆಯನ್ನು ಬದಲಿಸುತ್ತವೆ. ನಾಲ್ಕನೆಯದು ಕೆಲಸ. ಮರ ಹತ್ತುವ ಕೊನೆಗೌಡರಿಗೆ, ದೇವಿಮನೆ ಘಟ್ಟದಲ್ಲಿ ಬಸ್ಸು ಓಡಿಸುವವರಿಗೆ, ಯಾಂತ್ರೀಕೃತ ದೋಣಿಯಲ್ಲಿ ಬಲೆ ಎಳೆಯುವವರಿಗೆ ಮಂಪರು ತರಿಸುವ ಯಾವ ಮದ್ದೂ ಸಣ್ಣ ವಿಷಯವಲ್ಲ. ಕೊನೆಯದಾಗಿ ಹಣ, ದೂರ ಮತ್ತು ಕಾನೂನು. ನಮ್ಮ ಜಿಲ್ಲೆಯವರು ನರರೋಗ ತಜ್ಞರನ್ನು ಕಾಣಲು ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾದ ಬಾಂಬೋಳಿಗೋ ಹೋಗುವುದು ರೂಢಿ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಘಟ್ಟದ ತಿರುವುಗಳಲ್ಲಿ ಮತ್ತೆ ಕೆರಳುವ ವಾಕರಿಕೆ ಇವನ್ನೂ ಔಷಧದ ಬೆಲೆಗೆ ಸೇರಿಸಿಯೇ ನೋಡಬೇಕು.

ನೋವು ಬಂದಾಗ ತೆಗೆದುಕೊಳ್ಳುವವು

ತಿಂಗಳಿಗೆ ಮೂರು ನಾಲ್ಕು ದಿನಗಳೊಳಗೆ ನೋವು ಬರುವವರಿಗೆ ಇಷ್ಟೇ ಸಾಕಾಗಬಹುದು. ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ, ಐಬುಪ್ರೊಫೇನ್ 400 ಮಿಲಿಗ್ರಾಂ, ಆಸ್ಪಿರಿನ್ 900 ಮಿಲಿಗ್ರಾಂ, ಅಥವಾ ನ್ಯಾಪ್ರೊಕ್ಸೆನ್ 500 ಮಿಲಿಗ್ರಾಂ ಇವು ವಯಸ್ಕರಲ್ಲಿ ಪರೀಕ್ಷೆಗೊಳಗಾದ ಪ್ರಮಾಣಗಳು. ಜನೌಷಧಿ ಕೇಂದ್ರದಲ್ಲಿ ಇವು ಒಂದು ಬಾರಿಗೆ ಕೆಲವೇ ರೂಪಾಯಿಯಲ್ಲಿ ಮುಗಿಯುತ್ತವೆ. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ಯಾರಾಸಿಟಮಾಲ್ ಬಿಟ್ಟು ಉಳಿದವು ಆಗಿಬರುವುದಿಲ್ಲ. ಇವು ಕೆಲಸ ಮಾಡುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಡವಾಗಿ ತೆಗೆದುಕೊಂಡಿರುತ್ತಾರೆ ಅಥವಾ ಕಡಿಮೆ ತೆಗೆದುಕೊಂಡಿರುತ್ತಾರೆ. ಮನೆಗೆಲಸ ಮುಗಿಯಲಿ, ಶಾಲೆ ಬಿಡಲಿ ಎಂದು ಸಹಿಸಿಕೊಂಡು ಸಂಜೆ ಒಂದು ಮಾತ್ರೆ ನುಂಗುವ ಹೊತ್ತಿಗೆ ಮೈಗ್ರೇನಿನಿಂದ ಜಠರದ ಚಲನೆಯೇ ನಿಧಾನವಾಗಿ, ಮಾತ್ರೆ ಹೊಟ್ಟೆಯಲ್ಲಿಯೇ ಉಳಿದಿರುತ್ತದೆ. ಅದಕ್ಕಾಗಿಯೇ ವೈದ್ಯರು ಡೊಂಪೆರಿಡೋನ್ ಅಥವಾ ಮೆಟೊಕ್ಲೊಪ್ರಮೈಡ್ ಜೊತೆಗೆ ಬರೆಯುತ್ತಾರೆ. ಅದು ವಾಂತಿ ನಿಲ್ಲಿಸುವುದಕ್ಕೆ ಮಾತ್ರವಲ್ಲ, ನೋವಿನ ಮಾತ್ರೆ ಕರುಳಿಗೆ ಇಳಿಯುವುದಕ್ಕೂ ನೆರವಾಗುತ್ತದೆ.

ಇವು ಸರಿಯಾಗಿ ತೆಗೆದುಕೊಂಡರೂ ಎರಡು ಗಂಟೆಯಲ್ಲಿ ಫಲ ಕೊಡದಿದ್ದರೆ ಮುಂದಿನ ಮೆಟ್ಟಿಲು ಟ್ರಿಪ್ಟಾನ್ ಜಾತಿಯ ಮಾತ್ರೆಗಳು. ಸುಮಾಟ್ರಿಪ್ಟಾನ್ ಮತ್ತು ರಿಜಾಟ್ರಿಪ್ಟಾನ್ ನಮ್ಮಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ಒಂದು ಮಾತ್ರೆಗೆ ಹತ್ತಾರು ರೂಪಾಯಿ ತಗಲುತ್ತದೆ. ಇವು ಮೈಗ್ರೇನಿಗೆಂದೇ ರೂಪುಗೊಂಡ ಔಷಧಗಳು. ಮುಖ ಮತ್ತು ತಲೆಯ ನೋವನ್ನು ಮೆದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ನೋವನ್ನು ಹಬ್ಬಿಸುವ ಸಿಜಿಆರ್‌ಪಿ ಎಂಬ ವಸ್ತು ಹೊರಬೀಳುವುದನ್ನು ತಡೆಯುತ್ತವೆ ಮತ್ತು ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತವೆ. ರಕ್ತನಾಳ ಕುಗ್ಗಿಸುವ ಗುಣದಿಂದಲೇ ಹೃದ್ರೋಗ, ಪಾರ್ಶ್ವವಾಯು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಇವು ನಿಷಿದ್ಧ. ಮೊದಲ ಬಾರಿ ಎದೆ ಬಿಗಿದಂತಾಗಿ ಹೆದರಿ ನಿಲ್ಲಿಸಿದವರಿದ್ದಾರೆ. ಅದು ಸಾಮಾನ್ಯವಾಗಿ ತಾತ್ಕಾಲಿಕ. ಆದರೂ ವೈದ್ಯರಿಗೆ ಹೇಳಲೇಬೇಕು. ಒಂದೇ ಬಾರಿ ಸೋತಿತೆಂದು ಕೈಬಿಡದೆ ಎರಡು ಮೂರು ನೋವುಗಳಲ್ಲಿ ಪರೀಕ್ಷಿಸಿ ನೋಡುವುದು ನ್ಯಾಯ. ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಬೆರೆಸಿದ ಹಳೆಯ ಮಾತ್ರೆಗಳು ಊರಿನ ಔಷಧದಂಗಡಿಗಳಲ್ಲಿ ಇಂದಿಗೂ ಜನಪ್ರಿಯ. ಬೆಲೆ ಕಡಿಮೆ, ಫಲವೂ ಇದೆ. ಆದರೆ ಗರ್ಭಿಣಿಯರಿಗೆ ಅಪಾಯಕಾರಿ, ಟ್ರಿಪ್ಟಾನ್ ತೆಗೆದುಕೊಂಡ 24 ಗಂಟೆಯೊಳಗೆ ತೆಗೆದುಕೊಳ್ಳಬಾರದು ಮತ್ತು ಬಹುಬೇಗ ಅಭ್ಯಾಸವಾಗುತ್ತವೆ.

ನಾನು ಬಿದ್ದ ಹೊಂಡ ಇದೇ. 2009ರಿಂದ ಮೂರು ವರ್ಷ ಇಂಥ ಬೆರಕೆ ಮಾತ್ರೆಯನ್ನು ಪರ್ಸಿನಲ್ಲಿಯೇ ಇಟ್ಟುಕೊಂಡು ಓಡಾಡುತ್ತಿದ್ದೆ. ಮೊದಲು ವಾರಕ್ಕೊಂದು, ಆಮೇಲೆ ದಿನ ಬಿಟ್ಟು ದಿನ. ತೋರಿಸಿದ ವೈದ್ಯರು ಪ್ರತಿ ಸಲವೂ ಹೊಸ ಚೀಟಿ ಬರೆದರೇ ಹೊರತು ತಿಂಗಳಿಗೆ ಎಷ್ಟು ಮಾತ್ರೆ ಖಾಲಿಯಾಗುತ್ತದೆ ಎಂದು ಕೇಳಲಿಲ್ಲ. ಹೇಳಬೇಕೆಂದು ನನಗೂ ತೋಚಲಿಲ್ಲ. ಸಾಮಾನ್ಯ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್, ಎರ್ಗೊಟಮಿನ್ ಮತ್ತು ಬೆರಕೆ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನಿಲ್ಲಿಸಿದ ಮೊದಲ ಎಂಟು ಹತ್ತು ದಿನಗಳಲ್ಲಿ ನೋವು ಇನ್ನಷ್ಟು ಏರುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಎರಡು ಬಾರಿ ಅರ್ಧಕ್ಕೆ ಸೋತು ಮತ್ತೆ ಮಾತ್ರೆಗೆ ಮರಳುತ್ತಿರಲಿಲ್ಲ. ಅದಕ್ಕಾಗಿಯೇ ಎಣಿಕೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ಮನೆಯ ಮದ್ದು

ಶುಂಠಿ ನಮ್ಮ ಮಣ್ಣಿನದೇ ಬೆಳೆ. ಹಣೆಗೆ ಒಣಶುಂಠಿ ತೇಯ್ದು ಪಟ್ಟು ಹಾಕುವುದನ್ನು ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಹಚ್ಚುವ ಶುಂಠಿಗಿಂತ ಹೊಟ್ಟೆಗೆ ಹೋಗುವ ಶುಂಠಿಗೆ ಆಧಾರ ಹೆಚ್ಚು: ಇರಾನಿನಲ್ಲಿ 100 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶುಂಠಿಪುಡಿಯು ಸುಮಾಟ್ರಿಪ್ಟಾನಿಗೆ ಹತ್ತಿರದ ಫಲ ಕೊಟ್ಟಿತು. ಆದರೆ ಅದರಲ್ಲಿ ಹುಸಿ ಔಷಧದ ಗುಂಪು ಇರಲಿಲ್ಲವಾದ್ದರಿಂದ ಅದನ್ನೇ ನಂಬಿ ಕೂರಲಾಗದು. ವಾಕರಿಕೆಗೆ ಶುಂಠಿ ಒಳ್ಳೆಯದೆನ್ನುವುದಕ್ಕೆ ಬೇರೆ ಆಧಾರಗಳೂ ಇವೆ. ಆದ್ದರಿಂದ ಮಾತ್ರೆಯ ಜೊತೆಗೆ ಶುಂಠಿ ಕಷಾಯ ಎನ್ನುವುದು ನನ್ನ ನಿಲುವು. ಮಾತ್ರೆಯ ಬದಲಿಗೆ ಅಲ್ಲ. ರಕ್ತ ತೆಳುವಾಗಿಸುವ ಔಷಧದಲ್ಲಿರುವವರು ಹೆಚ್ಚು ಶುಂಠಿಯ ಮೊದಲು ವೈದ್ಯರನ್ನು ಕೇಳಲಿ. ಒಂದೆಲಗದ ತಂಬುಳಿ ಊಟಕ್ಕೆ ಹಿತ; ಆದರೆ ಅದನ್ನು ಮೈಗ್ರೇನಿನ ಮದ್ದೆಂದು ಎಣಿಸಲಾಗದು. ತಣ್ಣೀರಿನ ಬಟ್ಟೆ, ಕತ್ತಲೆ ಕೋಣೆ, ಒಂದು ನಿದ್ದೆ ಇವಕ್ಕೆ ಖರ್ಚೂ ಇಲ್ಲ, ಎಣಿಕೆಯ ಭಯವೂ ಇಲ್ಲ.

ಮದ್ದಿಗಿಂತ ಮೊದಲು ನೋಡಬೇಕಾದದ್ದು ಕೆರಳಿಸುವ ಸಂಗತಿಗಳನ್ನು. ನನ್ನ ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಮರುದಿನದ ಗೆರೆಗಳು ಸಾಲುಸಾಲಾಗಿದ್ದವು. ಚಂದ್ರೋದಯದವರೆಗಿನ ಉಪವಾಸವೇ ಕಾರಣವಾಗಿತ್ತು. ಈಗ ಹಣ್ಣು ಹಾಲಿನಲ್ಲಿ ವ್ರತ ಮಾಡುತ್ತೇನೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಮರುದಿನ, ಅಡಿಕೆ ಕೊಯ್ಲಿನ ಬಿಸಿಲು, ಮುಟ್ಟಿನ ಹಿಂದುಮುಂದಿನ ದಿನಗಳು, ದಿನಕ್ಕೆ ಆರು ಲೋಟ ಚಹಾ ಕುಡಿಯುವವರು ಒಂದು ದಿನ ತಪ್ಪಿಸಿದ್ದು, ಹೀಗೆ ಒಬ್ಬೊಬ್ಬರಿಗೆ ಒಂದೊಂದು.

ಬರದಂತೆ ತಡೆಯುವವು

ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ನೋವಿದ್ದು ಬದುಕು ಕೆಡುತ್ತಿದ್ದರೆ, ಅಥವಾ ಮಾತ್ರೆಯ ದಿನಗಳು ಎಂಟು ಹತ್ತರ ಹತ್ತಿರ ಬಂದಿದ್ದರೆ, ನೋವಿನ ಮಾತ್ರೆ ಬದಲಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ. ದಿನವೂ ತೆಗೆದುಕೊಳ್ಳುವ ತಡೆ ಔಷಧ ಬೇಕು. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೊಪಿರಮೇಟ್ ಇವು ನಮ್ಮಲ್ಲಿ ಹೆಚ್ಚಾಗಿ ಬರೆಯುವ ನಾಲ್ಕು. ಎಲ್ಲವೂ ದಿನಕ್ಕೆ ಕೆಲವು ರೂಪಾಯಿಯ ಔಷಧಗಳೇ. ಇವುಗಳಲ್ಲಿ ಆರಿಸಿಕೊಳ್ಳುವಾಗ ನೋಡಬೇಕಾದದ್ದು ಬೆಲೆಯನ್ನಲ್ಲ, ಜೊತೆಗೆ ಬರುವ ತೊಂದರೆಯನ್ನು. ರಕ್ತದೊತ್ತಡ ಅಥವಾ ಎದೆಬಡಿತದ ಆತಂಕ ಇರುವವರಿಗೆ ಪ್ರೊಪ್ರನೊಲಾಲ್ ಒಂದೇ ಕಲ್ಲಿಗೆ ಎರಡು ಹಣ್ಣು. ಆಸ್ತಮಾ ಇದ್ದರೆ ಮುಟ್ಟಲೇಬಾರದು. ನಿದ್ದೆ ಬಾರದವರಿಗೆ ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸುವ ಅಮಿಟ್ರಿಪ್ಟಿಲಿನ್ ಒಗ್ಗುತ್ತದೆ; ಬಾಯಿ ಒಣಗುವುದು, ಬೆಳಗ್ಗೆ ಜಡವಾಗಿರುವುದು ಅದರ ಬೆಲೆ. ಫ್ಲುನಾರಿಜಿನ್ ತೂಕ ಏರಿಸುತ್ತದೆ ಮತ್ತು ಹಿಂದೆ ಖಿನ್ನತೆ ಇದ್ದವರಿಗೆ ಅದು ಮರಳುವ ಭಯವಿದೆ. ಟೊಪಿರಮೇಟ್ ತೂಕ ಇಳಿಸುತ್ತದೆ, ಆದರೆ ಬೆರಳು ಜುಮ್ಮೆನಿಸುತ್ತದೆ, ಮಾತು ತಡವರಿಸುವಂತೆ ಮಾಡುತ್ತದೆ, ಮೂತ್ರಪಿಂಡದ ಕಲ್ಲಿಗೆ ದಾರಿ ಮಾಡುತ್ತದೆ. ಕರಾವಳಿಯ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವವರು ಇದನ್ನು ಯೋಚಿಸಿ ಆರಿಸಿಕೊಳ್ಳಬೇಕು. ಮಗು ಬೇಕೆನ್ನುವ ಅಥವಾ ಗರ್ಭ ಧರಿಸುವ ಸಾಧ್ಯತೆ ಇರುವ ಹೆಣ್ಣುಮಕ್ಕಳಿಗೆ ಟೊಪಿರಮೇಟ್ ಮತ್ತು ವ್ಯಾಲ್ಪ್ರೋಯೇಟ್ ಎಂಬ ಇನ್ನೊಂದು ತಡೆ ಔಷಧ ಎರಡೂ ಸಲ್ಲ, ಏಕೆಂದರೆ ಭ್ರೂಣಕ್ಕೆ ಹಾನಿಯಾಗುತ್ತದೆ. ಇವುಗಳ ಫಲ ತಿಳಿಯಲು ಎರಡರಿಂದ ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತು ನಿಲ್ಲಿಸಿದವರು ಔಷಧ ಸೋತಿತು ಎನ್ನಲು ಬರುವುದಿಲ್ಲ. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಅದು ಗೆಲುವು. ಸೊನ್ನೆಯಾಗುತ್ತದೆ ಎಂದು ಕಾಯಬಾರದು.

ಇದರ ಮೇಲಿನ ಮೆಟ್ಟಿಲಲ್ಲಿ, ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ನೋವಿರುವವರಿಗೆ ಬೊಟುಲಿನಮ್ ಚುಚ್ಚುಮದ್ದು ಇದೆ. 2018ರಿಂದ ಈಚೆಗೆ ಸಿಜಿಆರ್‌ಪಿಯನ್ನೇ ಗುರಿಯಾಗಿಸಿದ ತಿಂಗಳಿಗೊಮ್ಮೆಯ ಚುಚ್ಚುಮದ್ದುಗಳೂ ಬಂದಿವೆ. ಸಾವಿರಾರು ರೂಪಾಯಿಯ ಮಾತು ಮತ್ತು ದೊಡ್ಡ ಊರಿನ ತಜ್ಞರ ಮಾತು. ಅಗ್ಗದ ಎರಡು ಮೂರು ತಡೆ ಔಷಧಗಳು ಸರಿಯಾದ ಪ್ರಮಾಣದಲ್ಲಿ ಸೋತ ಮೇಲೆ ಮಾತ್ರ ಇತ್ತ ನೋಡಬೇಕು.

ಮಾತ್ರೆಯೇ ಬೇಡ ಎನ್ನುವವರಿಗೆ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವ, ದಿನಕ್ಕೆ 400 ಮಿಲಿಗ್ರಾಂ ಎಂಬುದು ಒಂದು ದಾರಿ. 1998ರಲ್ಲಿ ಪ್ರಕಟವಾದ ಬೆಲ್ಜಿಯಂ ಪರೀಕ್ಷೆ ಚಿಕ್ಕದಾದರೂ ಹುಸಿ ಔಷಧದೊಡನೆ ಹೋಲಿಸಿದ್ದು. ಸಾಮಾನ್ಯ ಬಿ ಕಾಂಪ್ಲೆಕ್ಸ್ ಗುಳಿಗೆಯಲ್ಲಿ ಇದರ ಸಣ್ಣ ಪಾಲು ಮಾತ್ರ ಇರುವುದರಿಂದ ಅದನ್ನು ನುಂಗಿ ಫಲ ಕಾಯುವುದು ವ್ಯರ್ಥ. ಮೆಗ್ನೀಸಿಯಂ ಕೂಡ ಕೆಲವರಿಗೆ ನೆರವಾಗುತ್ತದೆ. ಭೇದಿ ಅದರ ತೊಂದರೆ.

ಯೋಗದ ವಿಷಯದಲ್ಲಿ ನಮ್ಮ ದೇಶದ್ದೇ ಒಳ್ಳೆಯ ಪರೀಕ್ಷೆ ಇದೆ. ದೆಹಲಿಯ ಏಮ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 114 ಜನ ಮೂರು ತಿಂಗಳು ಪೂರೈಸಿದರು. ಎರಡೂ ಗುಂಪಿಗೆ ಔಷಧ ಇತ್ತು, ಒಂದು ಗುಂಪಿಗೆ ಅದರ ಜೊತೆಗೆ ಯೋಗ. ಯೋಗದ ಗುಂಪಿನಲ್ಲಿ ತಲೆನೋವಿನ ಸಂಖ್ಯೆ ಶೇಕಡಾ 48ರಷ್ಟು ಇಳಿದರೆ ಬರಿಯ ಔಷಧದ ಗುಂಪಿನಲ್ಲಿ ಶೇಕಡಾ 12ರಷ್ಟು ಇಳಿಯಿತು. ಯೋಗ ಮಾಡುವವರಿಗೆ ತಾವು ಯೋಗ ಮಾಡುತ್ತಿದ್ದೇವೆ ಎಂಬುದು ತಿಳಿದೇ ಇರುವುದರಿಂದ ಈ ಅಂತರದಲ್ಲಿ ನಂಬಿಕೆಯ ಪಾಲೂ ಇರಬಹುದು. ಆದರೆ ಖರ್ಚಿಲ್ಲ, ಹಾನಿಯಿಲ್ಲ, ಗರ್ಭಿಣಿಯರೂ ಹೊಂದಿಸಿಕೊಂಡು ಮಾಡಬಹುದು. ಆಯುರ್ವೇದದಲ್ಲಿ ಅರ್ಧಾವಭೇದಕ ಎಂದು ಕರೆಯುವ ಇದಕ್ಕೆ ನಸ್ಯ ಮತ್ತು ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವ ಶಿರೋಧಾರೆಗಳಿವೆ. ಶಿರೋಧಾರೆಯಿಂದ ನಿದ್ದೆ ಸುಧಾರಿಸಿದವರನ್ನು ನಾನು ಬಲ್ಲೆ. ಪದವಿ ಪಡೆದ ವೈದ್ಯರ ಹತ್ತಿರ, ಔಷಧದ ಹೆಸರು ಬರೆದುಕೊಡುವವರ ಹತ್ತಿರ ಮಾಡಿಸಿಕೊಳ್ಳಿ ಎನ್ನುವುದಷ್ಟೇ ನನ್ನ ವಿನಂತಿ. ಹೆಸರಿಲ್ಲದ ಪುಡಿಯ ಪೊಟ್ಟಣದಲ್ಲಿ ಏನಿದೆ ಎಂದು ನುಂಗುವವರಿಗೆ ತಿಳಿಯುವುದಿಲ್ಲ.

ಗಾಂಜಾದ ಪ್ರಶ್ನೆ

ಇದು ಹೊಸ ಹುಚ್ಚೇನಲ್ಲ. ಕೊಲ್ಕತ್ತಾದಲ್ಲಿದ್ದ ವೈದ್ಯ ವಿಲಿಯಂ ಬ್ರೂಕ್ ಓ'ಶಾಗ್ನೆಸಿ 1839ರಲ್ಲಿ ಭಾರತದ ಗಾಂಜಾ ಗಿಡದ ಔಷಧಗುಣಗಳ ಬಗ್ಗೆ ಬರೆದ ಮೇಲೆ ಅದು ಪಾಶ್ಚಾತ್ಯ ವೈದ್ಯಕ್ಕೆ ಹೋಯಿತು. 1892ರಲ್ಲಿ ವಿಲಿಯಂ ಆಸ್ಲರ್ ತಮ್ಮ ಪ್ರಸಿದ್ಧ ವೈದ್ಯಪಠ್ಯದಲ್ಲಿ ಮೈಗ್ರೇನಿಗೆ ಅದನ್ನು ಶಿಫಾರಸು ಮಾಡಿದ್ದರು. ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಿಂದ ಅದಕ್ಕಿಂತ ಬಹಳ ಹಿಂದಿನಿಂದಲೂ ಇದೆ. ಆದ್ದರಿಂದ ಕೇಳಿದವರನ್ನು ಗದರಿಸುವುದು ತಪ್ಪು. ನೋವಿನಲ್ಲಿರುವವರು ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾರೆ.

ಆಧಾರ ಎಷ್ಟಿದೆ? 2016ರಲ್ಲಿ ಅಮೆರಿಕದ ಕೊಲರಾಡೋದಿಂದ ಬಂದ ವರದಿಯಲ್ಲಿ 121 ರೋಗಿಗಳ ತಲೆನೋವು ತಿಂಗಳಿಗೆ ಸರಾಸರಿ 10.4ರಿಂದ 4.6ಕ್ಕೆ ಇಳಿದಿತ್ತು. ಇದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಅದು ಹಳೆಯ ಕಡತಗಳನ್ನು ತೆಗೆದು ನೋಡಿದ ಲೆಕ್ಕ. ಹೋಲಿಕೆಗೆ ಹುಸಿ ಔಷಧದ ಗುಂಪು ಇರಲಿಲ್ಲ, ಫಲ ಕಾಣದೆ ಬಿಟ್ಟುಹೋದವರು ಲೆಕ್ಕಕ್ಕೆ ಸಿಗುವ ಬಗೆಯೂ ಇರಲಿಲ್ಲ. ಇದಕ್ಕಿಂತ ಗಟ್ಟಿಯಾದದ್ದು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 92 ಜನರ ಮೇಲೆ ನಡೆದು 2024ರಲ್ಲಿ ಹೊರಬಂದ ಪರೀಕ್ಷೆ. ಅಲ್ಲಿ ಅಳೆದ ಪ್ರಮಾಣದ ಹೂವನ್ನು ಆವಿಯಾಗಿಸಿ ಸೇದಿಸಿದರು. ಅಮಲು ತರಿಸುವ ಟಿಎಚ್‌ಸಿ ಮತ್ತು ಅಮಲು ತರಿಸದ ಸಿಬಿಡಿ ಎರಡೂ ಇದ್ದ ಮಿಶ್ರಣದಿಂದ ಎರಡು ಗಂಟೆಯಲ್ಲಿ ಶೇಕಡಾ 67.2ರಷ್ಟು ನೋವುಗಳಲ್ಲಿ ಉಪಶಮನ ಕಂಡಿತು. ಹುಸಿ ಔಷಧದಲ್ಲಿ ಶೇಕಡಾ 46.6. ನೋವು ಪೂರ್ತಿ ಹೋದದ್ದು ಮಿಶ್ರಣದಲ್ಲಿ ಶೇಕಡಾ 34.5, ಹುಸಿ ಔಷಧದಲ್ಲಿ ಶೇಕಡಾ 15.5.

ಈ ಅಂಕಿಗಳಲ್ಲಿ ಎರಡು ಸಂಗತಿಗಳನ್ನು ಕೇಳಿದವರೆಲ್ಲರ ಗಮನಕ್ಕೆ ತಂದಿದ್ದೇನೆ. ಏನೂ ಇಲ್ಲದ ಹೂವನ್ನು ಸೇದಿಯೂ ಸುಮಾರು ಅರ್ಧದಷ್ಟು ಸಲ ನೋವು ಕಡಿಮೆಯಾಗಿದೆ. ಹಾಗಾಗಿ ಗೆಳೆಯರೊಬ್ಬರಿಗೆ ಗುಣವಾಯಿತು ಎಂಬ ಮಾತಿನ ತೂಕ ಇಷ್ಟೇ. ಎರಡನೆಯದಾಗಿ, ಅದೇ ಪರೀಕ್ಷೆಯಲ್ಲಿ ಬರಿಯ ಸಿಬಿಡಿ ಹುಸಿ ಔಷಧಕ್ಕಿಂತ ಮೇಲೆ ಬರಲಿಲ್ಲ. ಅಮಲಿಲ್ಲದ ಶುದ್ಧ ಸಿಬಿಡಿ ಎಂದು ಹೇಳಿ ಸಾವಿರಾರು ರೂಪಾಯಿಗೆ ಮಾರುವ ಎಣ್ಣೆಯ ಬಗ್ಗೆ ಇದಕ್ಕಿಂತ ನೇರವಾದ ಉತ್ತರ ಬೇಡ. ಗಾಂಜಾ ಬೀಜದ ಎಣ್ಣೆಯಂತೂ ಬೇರೆಯೇ ವಸ್ತು. 2021ರಲ್ಲಿ ಅದಕ್ಕೆ ಆಹಾರವಾಗಿ ಅನುಮತಿ ಸಿಕ್ಕಿದೆ. ಅದು ಅಡುಗೆಗೆ ಸಲ್ಲುವ ಎಣ್ಣೆ, ತಲೆನೋವಿನ ಮದ್ದಲ್ಲ.

ಮೇಲಿನ ಪರೀಕ್ಷೆ ಒಬ್ಬೊಬ್ಬರ ಮೂರು ನಾಲ್ಕು ನೋವುಗಳಿಗೆ ಸೀಮಿತ. ತಿಂಗಳುಗಟ್ಟಲೆ ಬಳಸಿದರೆ ಏನಾಗುತ್ತದೆ ಎಂಬಲ್ಲಿ ಸುದ್ದಿ ಅಷ್ಟು ಒಳ್ಳೆಯದಲ್ಲ. ಬಳಸುತ್ತ ಹೋದಂತೆ ಪ್ರಮಾಣ ಏರಿಸಬೇಕಾಗುತ್ತದೆ. ದೀರ್ಘಕಾಲದ ಮೈಗ್ರೇನ್ ಇರುವ 368 ಜನರನ್ನು ನೋಡಿದ ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದರಲ್ಲಿ ಮಾತ್ರೆಯಿಂದ ಹುಟ್ಟುವ ತಲೆನೋವು ಗಾಂಜಾ ಬಳಸುವವರಲ್ಲಿ ಸುಮಾರು ಆರು ಪಟ್ಟು ಹೆಚ್ಚು ಕಂಡಿತು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದರಿಂದ ತೀರ್ಮಾನಿಸಲಾಗದು. ಆದರೆ ಹೊಂಡದಲ್ಲಿ ಬಿದ್ದವಳಾಗಿ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ವಾಂತಿ ಇರುವ ಕಾಯಿಲೆಗೆ ಸೇದುವ ಗಾಂಜಾ, ವರ್ಷಗಟ್ಟಲೆ ಬಳಸಿದ ಕೆಲವರಲ್ಲಿ ನಿಲ್ಲದ ವಾಂತಿಯನ್ನೇ ತರುತ್ತದೆ. ಕುಟುಂಬದಲ್ಲಿ ಚಿತ್ತಭ್ರಮೆ ಇದ್ದವರಿಗೆ, ಹದಿಹರೆಯದವರಿಗೆ, ಹೃದ್ರೋಗಿಗಳಿಗೆ, ಗರ್ಭಿಣಿಯರಿಗೆ ಮತ್ತು ಹಾಲೂಡಿಸುವವರಿಗೆ ಇದು ಸಲ್ಲದು. ರಾತ್ರಿ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಿಗೆ ಮಂಪರು ಮತ್ತು ಎದೆಬಡಿತ ಎರಡೂ ಹೆಚ್ಚುತ್ತವೆ. ವ್ಯಾಲ್ಪ್ರೋಯೇಟಿನ ಜೊತೆ ಸಿಬಿಡಿ ಸೇರಿದರೆ ಯಕೃತ್ತಿಗೆ ತೊಂದರೆ.

ಇನ್ನು ಕಾನೂನು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಮತ್ತು ಕಾಯಿಯ ತುದಿಗಳು. ಚರಸ್ ಎಂದರೆ ಅದರ ಅಂಟು. ಇವೆರಡೂ ನಿಷಿದ್ಧ. ಒಂದು ಕಿಲೋವರೆಗಿನ ಗಾಂಜಾ ಇಟ್ಟುಕೊಂಡರೂ ಒಂದು ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹಿತ್ತಿಲಲ್ಲಿ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಸೆರೆ ಇದೆ ಎಂಬುದು ನಮ್ಮ ತೋಟಿಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೋಕರ್ಣದ ಕಡಲತೀರದಲ್ಲಿ ಸಿಗುವುದರಿಂದ ತೊಂದರೆಯಿಲ್ಲ ಎನ್ನುವುದು, ಗೋವಾದಲ್ಲಿ ನಡೆಯುತ್ತದೆ ಎನ್ನುವುದು ಎರಡೂ ತಪ್ಪು ತಿಳಿವಳಿಕೆಗಳು. ಇದು ಕೇಂದ್ರದ ಕಾಯ್ದೆ, ಕಾಳಿ ನದಿ ದಾಟಿದರೆ ಬದಲಾಗುವುದಿಲ್ಲ. ಹೂವಿನ ತುದಿ ಸೇರದ ಎಲೆ, ಅಂದರೆ ಭಂಗಿ, ಆ ಕಾಯ್ದೆಯ ವ್ಯಾಖ್ಯೆಯ ಹೊರಗಿದ್ದು ರಾಜ್ಯದ ಅಬಕಾರಿ ನಿಯಮಗಳಿಗೆ ಬಿಟ್ಟದ್ದು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ ಭಂಗಿಯ ಬಗ್ಗೆ ಹೀಗೆಯೇ ಹೇಳಿತು. ಆದರೆ ಜಾಮೀನಿನ ಆದೇಶವನ್ನು ಯಾರೂ ಪರವಾನಗಿ ಎಂದು ತಿಳಿಯಬಾರದು. ಎಲೆಯಿಂದ ತಯಾರಿಸಿದ, ಆಯುಷ್ ಪರವಾನಗಿಯುಳ್ಳ ವಿಜಯಾ ಔಷಧಗಳು ಚೀಟಿಯ ಮೇಲೆ ಕಾನೂನುಬದ್ಧವಾಗಿ ಸಿಗುತ್ತವೆ. ಔಷಧ ಕಾಯ್ದೆಯ ವಿಷವಸ್ತುಗಳ ಪಟ್ಟಿಯಲ್ಲಿ ಇದು ಇರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ತೆಗೆದುಕೊಳ್ಳಬೇಕು.

ನನ್ನ ತೀರ್ಪು ಹೀಗಿದೆ. ಗಾಂಜಾಕ್ಕೆ ನೋವು ತಗ್ಗಿಸುವ ಗುಣ ಇಲ್ಲ ಎನ್ನಲಾರೆ. ಆದರೆ ಪರೀಕ್ಷೆಯಲ್ಲಿ ಫಲ ಕೊಟ್ಟ ರೂಪ, ಅಂದರೆ ಅಳೆದ ಟಿಎಚ್‌ಸಿ ಮತ್ತು ಸಿಬಿಡಿ ಇರುವ ಹೂವಿನ ಆವಿ, ನಮ್ಮಲ್ಲಿ ನಿಷಿದ್ಧ. ಗುಟ್ಟಾಗಿ ಸಿಗುವುದರಲ್ಲಿ ಯಾವುದು ಎಷ್ಟಿದೆ ಎಂದು ಯಾರೂ ಹೇಳಲಾರರು. ಕಾನೂನುಬದ್ಧವಾಗಿ ಸಿಗುವ ರೂಪಕ್ಕೆ ಮೈಗ್ರೇನಿನಲ್ಲಿ ಅಂಥ ಪರೀಕ್ಷೆಯ ಬೆಂಬಲ ಇಲ್ಲ ಮತ್ತು ಅದರ ಒಂದು ತಿಂಗಳ ಖರ್ಚಿನಲ್ಲಿ ಪ್ರೊಪ್ರನೊಲಾಲ್ ವರ್ಷವಿಡೀ ಬರುತ್ತದೆ. ಟ್ರಿಪ್ಟಾನ್, ಎರಡು ಮೂರು ತಡೆ ಔಷಧಗಳು, ಯೋಗ ಇವೆಲ್ಲವನ್ನೂ ಪೂರ್ಣ ಅವಧಿಗೆ ಪರೀಕ್ಷಿಸಿ ಸೋತವರು ಆಯುಷ್ ವೈದ್ಯರು ಮತ್ತು ನರರೋಗ ತಜ್ಞರು ಇಬ್ಬರಿಗೂ ತಿಳಿಸಿ ವಿಜಯಾ ಔಷಧ ನೋಡಬಹುದು. ಅದಕ್ಕಿಂತ ಮೊದಲು ಅದರ ಸರದಿ ಬರುವುದಿಲ್ಲ.

ಯಾರಿಗೆ ಯಾವುದು

ಸಿದ್ದಾಪುರದ ಬೆಳೆಗಾರರಿಗೆ ತಿಂಗಳಿಗೆ ಎರಡು ಮೂರು ಸಲ ನೋವು, ರಕ್ತದೊತ್ತಡ ಸ್ವಲ್ಪ ಹೆಚ್ಚು. ಅವರಿಗೆ ತಡೆ ಔಷಧದ ಅವಸರವಿಲ್ಲ. ಬೇಗ ತೆಗೆದುಕೊಂಡ ಪ್ಯಾರಾಸಿಟಮಾಲ್ ಮತ್ತು ಡೊಂಪೆರಿಡೋನ್, ಕೊಯ್ಲಿನ ದಿನಗಳಲ್ಲಿ ತಲೆಗೆ ನೆರಳು, ಹೊತ್ತಿಗೆ ಊಟ. ಒತ್ತಡ ಹತೋಟಿಗೆ ಬರುವವರೆಗೆ ಟ್ರಿಪ್ಟಾನ್ ಬೇಡ. ಒತ್ತಡಕ್ಕೆಂದು ವೈದ್ಯರು ಹೇಗೂ ಮಾತ್ರೆ ಬರೆಯುವುದಾದರೆ ಮೈಗ್ರೇನಿಗೂ ಆಗುವುದನ್ನು ಬರೆಯಿರಿ ಎಂದು ಕೇಳಬಹುದು.

ಕಾರವಾರದ ತಾಯಿಗೆ ಹತ್ತು ದಿನ ನೋವು, ಎಂಟು ದಿನ ಮಾತ್ರೆ, ನೋವಿಗೆ ಮುಂಚೆ ಮಿಂಚುಗೆರೆ. ಇವರಿಗೆ ತಡೆ ಔಷಧ ಈಗಲೇ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯದ ದಿನ ಯಾವುದೆಂದು ವಿಚಾರಿಸಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ತಲೆನೋವೂ ಸೇರಿದೆ. ದೂರ ಹೋಗಲಾಗದವರು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ಸೇವೆಯ ಮೂಲಕ ತಜ್ಞರ ಸಲಹೆ ಪಡೆಯಬಹುದು, ಅದಕ್ಕೆ ಶುಲ್ಕವಿಲ್ಲ. ಇನ್ನೊಂದು ವಿಷಯವನ್ನು ಅವರಿಗೆ ಒತ್ತಿ ಹೇಳಿದೆ: ಆರಾ ಇರುವ ಹೆಣ್ಣುಮಕ್ಕಳು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಬೇರೆ ವಿಧಾನ ಕೇಳಿ ಪಡೆಯಬೇಕು.

ಗೋಕರ್ಣದ ಯುವಕ ಈಗಾಗಲೇ ವಾರಕ್ಕೆ ಮೂರು ನಾಲ್ಕು ಸಲ ಗಾಂಜಾ ಸೇದುತ್ತಿದ್ದ. ನನ್ನಲ್ಲಿ ಹೇಳುವಾಗ ತಲೆ ತಗ್ಗಿಸಿದ. ಅವನಿಗೆ ಬುದ್ಧಿ ಹೇಳುವ ಬದಲು ಅದನ್ನು ವೈದ್ಯರಿಂದ ಮುಚ್ಚಿಡಬೇಡ ಎಂದೆ, ಏಕೆಂದರೆ ಅವರು ಬರೆಯುವ ಮಾತ್ರೆ ಅದರ ಮೇಲೆಯೇ ನಿರ್ಧಾರವಾಗಬೇಕು. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಧರ್ಮ. ಒಮ್ಮೆಲೇ ಬಿಟ್ಟರೆ ಕೆಲವು ದಿನ ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ, ತಲೆನೋವೂ ಹೆಚ್ಚಬಹುದು. ತಡೆ ಔಷಧ ಆರಂಭಿಸಿ ಅದರ ಆಸರೆಯಲ್ಲಿ ಬಿಡುವುದು ಸುಲಭ. ಅಲ್ಲಿಯವರೆಗೆ ಮಾತ್ರೆಗೆ ಸುತ್ತು ಹಾಕುವ ಕ್ಯಾಲೆಂಡರಿನಲ್ಲಿಯೇ ಸೇದಿದ ದಿನಕ್ಕೂ ಒಂದು ಗುರುತು ಹಾಕು, ಮೂರು ತಿಂಗಳ ಹಾಳೆಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ವೈದ್ಯರ ಬಳಿಗೆ ಹೋಗು ಎಂದು ಹೇಳಿ ಕಳುಹಿಸಿದೆ.